ಕಾವೇರಿಯನ್ನು ಕಾಯಬೇಕಾದದ್ದು ನಮ್ಮ ನಮ್ಮ ತೋಡಿನಲ್ಲಿ

ಕಳೆದ ಜನವರಿಯಲ್ಲಿ ಒಂದು ಬೆಳಿಗ್ಗೆ, ಸ್ಪ್ರಿಂಕ್ಲರ್ ಹಾಕುವ ಕಾಲ ಹತ್ತಿರ ಬಂತಲ್ಲ, ಪಂಪಿನ ಫುಟ್‌ವಾಲ್ವ್ ಶುಚಿ ಮಾಡಿಡೋಣವೆಂದು ಕಾಫಿ ತೋಟದ ಕೆಳಗಿನ ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಇಳಿದೆ. ಮೊಣಕಾಲುದ್ದದ ನೀರು ಕಷಾಯದ ಬಣ್ಣಕ್ಕೆ ತಿರುಗಿತ್ತು, ಕಲ್ಲುಗಳ ಮೇಲೆ ಬೂದು ಲೋಳೆ ಕಟ್ಟಿತ್ತು, ಹುಳಿ ನಾತ ಮೂಗಿಗೆ ಹೊಡೆಯುತ್ತಿತ್ತು. ಬೆರಳುದ್ದದ ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು. ಏಡಿಗಳು ನೀರು ಬಿಟ್ಟು ಕೇದಗೆಯ ಬೇರಿನ ಮೇಲೆ ಹತ್ತಿ ಕುಳಿತಿದ್ದವು. ಮೇಲಿನ ತೋಟಗಳಲ್ಲಿ ಪಲ್ಪಿಂಗ್, ಅಂದರೆ ಯಂತ್ರದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿದು ತೊಳೆಯುವ ಕೆಲಸ, ನಡೆಯುತ್ತಿದೆ ಎಂದು ತಿಳಿಯಲು ಯಾರನ್ನೂ ಕೇಳಬೇಕಾಗಿರಲಿಲ್ಲ. ಹಿಂದಿನ ವಾರ ನಮ್ಮ ಪಲ್ಪರ್‌ನ ನೀರೂ ಇದೇ ತೋಡಿಗೆ ಸೇರಿತ್ತು ಎಂಬುದು ನನಗೆ ಚೆನ್ನಾಗಿ ನೆನಪಿತ್ತು.

ಕಾಫಿ ಹಣ್ಣಿನ ಸಿಪ್ಪೆಯಲ್ಲಿ, ಬೀಜಕ್ಕೆ ಅಂಟಿದ ಲೋಳೆಯಲ್ಲಿ ಇರುವುದು ಸಕ್ಕರೆಯೇ, ವಿಷವಲ್ಲ. ಆದರೆ ಆ ಸಕ್ಕರೆ ನೀರಿನಲ್ಲಿ ಹುಳಿತಾಗ ಪಿಎಚ್ (ಕಡಿಮೆಯಾದಷ್ಟೂ ಹುಳಿ ಹೆಚ್ಚು ಎಂದು ತೋರಿಸುವ ಅಳತೆ) 4ರ ಆಸುಪಾಸಿಗೆ ಇಳಿಯುತ್ತದೆ, ಅದನ್ನು ತಿಂದು ಬೆಳೆಯುವ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ, ಮೀನಿಗೆ ಉಸಿರಾಡಲು ಏನೂ ಉಳಿಯುವುದಿಲ್ಲ. ಹೊಳೆಗೆ ಬಿಡುವ ತ್ಯಾಜ್ಯ ನೀರಿನ ಬಿಒಡಿ (ಅದರ ಕೊಳೆಯನ್ನು ತಿನ್ನುವ ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕದ ಅಳತೆ) ಲೀಟರಿಗೆ 30 ಮಿಲಿಗ್ರಾಂ ಮೀರಬಾರದು ಎಂಬುದು ನಮ್ಮ ದೇಶದ ಸಾಮಾನ್ಯ ಮಾನದಂಡ. ಸಂಸ್ಕರಿಸದ ಪಲ್ಪಿಂಗ್ ನೀರಿನಲ್ಲಿ ಅದು ಸಾವಿರಗಳ ಲೆಕ್ಕದಲ್ಲಿರುತ್ತದೆ. ಆಷಾಢದ ಮಳೆಯಲ್ಲಾದರೆ ತೋಡು ಎಲ್ಲವನ್ನೂ ಕೊಚ್ಚಿಕೊಂಡು ಹೋಗುತ್ತಿತ್ತೇನೋ. ಆದರೆ ಅರೇಬಿಕಾ, ರೊಬಸ್ಟಾ ಕೊಯ್ಲು ನಡೆಯುವುದು ನವೆಂಬರ್-ಡಿಸೆಂಬರಿನಿಂದ ಈಚೆಗೆ, ಅಂದರೆ ನೀರು ದಿನದಿಂದ ದಿನಕ್ಕೆ ಸಣ್ಣಗಾಗುತ್ತಾ ಹೋಗುವ ತಿಂಗಳುಗಳಲ್ಲಿ.

ನಮ್ಮ ತೋಡು ಎರಡು ಗದ್ದೆ ಬಯಲುಗಳನ್ನು ದಾಟಿ, ಕೊಡಗಿನ ಬೇತ್ರಿ ಎಂಬ ಊರಿಗಿಂತ ಮೇಲೆ ಕಾವೇರಿಯನ್ನು ಸೇರುತ್ತದೆ. ಬೇತ್ರಿಯಲ್ಲಿ ಎತ್ತಿದ ನೀರನ್ನು ವಿರಾಜಪೇಟೆ ಪಟ್ಟಣ ಕುಡಿಯುತ್ತದೆ. ಅಲ್ಲಿಂದ ಮುಂದೆ ಅದೇ ಹೊಳೆ ಕುಶಾಲನಗರ ದಾಟಿ ಕನ್ನಂಬಾಡಿ ಕಟ್ಟೆಗೆ ಹೋಗುತ್ತದೆ. ಕಾವೇರಿಯಲ್ಲಿ ಮಾತ್ರ ಬದುಕುವ ಗೂನುಬೆನ್ನಿನ ಮಶೀರ್ ಮೀನು 2018ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವಾದ ಐಯುಸಿಎನ್‌ನ ಪಟ್ಟಿಯಲ್ಲಿ ಅಳಿವಿನ ತೀರಾ ಅಂಚಿಗೆ ತಲುಪಿದ ಜೀವಿಗಳ ಸಾಲಿಗೆ ಸೇರಿತು. ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋಗಿ ತೀರ್ಥ ತರುವವರಲ್ಲಿ ನಾನೂ ಒಬ್ಬ. ಆ ಭಕ್ತಿಯ ಬಗ್ಗೆ ನನಗೆ ಎಳ್ಳಷ್ಟೂ ಸಂದೇಹವಿಲ್ಲ. ಆದರೆ ಕಾವೇರಿ ಬ್ರಹ್ಮಗಿರಿಯ ಆ ಒಂದು ಕುಂಡಿಕೆಯಲ್ಲಿ ಮಾತ್ರ ಹುಟ್ಟುವುದಿಲ್ಲ, ನಮ್ಮ ನಿಮ್ಮ ತೋಟದ ಹಿಂದಿನ ನೂರಾರು ತೋಡು, ಕಿರುತೊರೆಗಳಲ್ಲಿಯೂ ಹುಟ್ಟುತ್ತಾಳೆ ಎಂಬುದನ್ನು ನಾವು ಸಾಕಷ್ಟು ಗಟ್ಟಿಯಾಗಿ ಹೇಳಿಕೊಂಡಿಲ್ಲ ಎಂದು ನನಗೆ ಅನ್ನಿಸುತ್ತದೆ.

ಆ ವಾರವೇ ತೋಡಿನ ಎರಡೂ ಬದಿಯ ಹನ್ನೊಂದು ಮನೆಯವರು ಸೇರಿದೆವು. ಮೊದಲ ಅರ್ಧ ಗಂಟೆ ಯಾರ ತೋಟದ ನೀರು ಹೆಚ್ಚು ಕೊಳಕು ಎಂಬ ಮಾತಿನಲ್ಲೇ ಹೋಯಿತು. ಕೊನೆಗೆ ಕೆಳಗಿನ ಲೈನ್ ಮನೆಯಿಂದ (ತೋಟದ ಕಾರ್ಮಿಕರ ಸಾಲುಮನೆ) ಬಂದಿದ್ದ ಒಬ್ಬ ಹಿರಿಯ ಹೆಂಗಸು, "ನಿಮಗೆಲ್ಲ ಬೋರ್‌ವೆಲ್ ಉಂಟು ಅಣ್ಣ, ನಾವು ಬಟ್ಟೆ ಒಗೆಯೋದು, ಮಕ್ಕಳಿಗೆ ಮೀಯಿಸೋದು ಇದರಲ್ಲೇ. ಮೈಯೆಲ್ಲ ತುರಿಕೆ" ಎಂದರು. ಅದರ ಮೇಲೆ ಯಾರೂ ವಾದ ಮಾಡಲಿಲ್ಲ.

ಈಗ ಪಲ್ಪಿಂಗ್ ಮಾಡುವ ಆರು ತೋಟಗಳಲ್ಲಿ ನಾಲ್ಕರಲ್ಲಿ ಸಾಲಾಗಿ ಮೂರು ಹೊಂಡಗಳಿವೆ. ಮೊದಲನೆಯದರಲ್ಲಿ ಸುಣ್ಣ ಹಾಕಿ ಹುಳಿ ಮುರಿಯುತ್ತೇವೆ; ಮುಂದಿನ ಎರಡರಲ್ಲಿ ನೀರು ದಿನಗಟ್ಟಲೆ ನಿಂತು ತಿಳಿಯಾಗುತ್ತದೆ, ಆ ಮೇಲೆ ಅದು ತೋಡಿಗಲ್ಲ, ತೋಟಕ್ಕೇ ಹೋಗುತ್ತದೆ. ಸಿಪ್ಪೆಯನ್ನು ಸಗಣಿಯೊಂದಿಗೆ ಗುಂಡಿಯಲ್ಲಿ ಕೊಳೆಯಿಸಿದರೆ ಒಳ್ಳೆಯ ಗೊಬ್ಬರ. ಕಡಿಮೆ ನೀರು ಬಳಸುವ ಹೊಸ ಪಲ್ಪರ್ ಇರುವ ನೆರೆಯವರೊಬ್ಬರು ಸಣ್ಣ ಹಿಡುವಳಿದಾರರ ಹಣ್ಣನ್ನೂ ಬಾಡಿಗೆಗೆ ಪಲ್ಪ್ ಮಾಡಿಕೊಡಲು ಒಪ್ಪಿದ್ದಾರೆ. ಉಳಿದವರು ಹಣ್ಣನ್ನು ಹಾಗೆಯೇ ಕಣದಲ್ಲಿ ಒಣಗಿಸಿ ಚೆರಿ (ಸಿಪ್ಪೆ ಸಹಿತ ಒಣಗಿದ ಕಾಫಿ) ಮಾಡುತ್ತಾರೆ. ಮೇ ತಿಂಗಳಲ್ಲಿ ಬೋರ್ಡೋ (ಮೈಲುತುತ್ತ ಮತ್ತು ಸುಣ್ಣದ ದ್ರಾವಣ) ಸಿಂಪಡಣೆಯ ನಂತರ ಮೈಲುತುತ್ತದ ಡ್ರಮ್ಮನ್ನು ತೋಡಿನಲ್ಲಿ ತೊಳೆಯುವ ಹಳೆಯ ಅಭ್ಯಾಸವನ್ನೂ ಬಿಟ್ಟೆವು; ಮೈಲುತುತ್ತದಲ್ಲಿರುವ ತಾಮ್ರ ಮೀನಿಗೆ ಎಷ್ಟು ಕೆಟ್ಟದ್ದು ಎಂಬುದು ಅಲ್ಲಿಯವರೆಗೆ ನಮ್ಮಲ್ಲಿ ಹಲವರಿಗೆ ಗೊತ್ತೇ ಇರಲಿಲ್ಲ. ಕೊಯ್ಲಿನ ಕಾಲದಲ್ಲಿ ಪ್ರತಿ ಭಾನುವಾರ ಇಬ್ಬರು ಪಿಎಚ್ ಕಾಗದ ಹಿಡಿದು ತೋಡಿನುದ್ದಕ್ಕೂ ನಡೆಯುತ್ತಾರೆ. ಕಾಗದ ಹಳದಿಗೋ ಕಿತ್ತಳೆಗೋ ತಿರುಗಿದರೆ ಅದರ ಫೋಟೋ ಅಂದೇ ಎಲ್ಲರ ಫೋನಿಗೂ ಬರುತ್ತದೆ.

ಇದೆಲ್ಲ ಸರ್ಕಾರದ ಕೆಲಸವಲ್ಲವೇ ಎಂದು ಕೇಳುವವರಿದ್ದಾರೆ. ಜಲ ಮಾಲಿನ್ಯ ತಡೆ ಕಾಯ್ದೆ 1974ರಿಂದಲೂ ಇದೆ, ಅದು ಬೇಕೇ ಬೇಕು. ಆದರೆ ರಾತ್ರಿ ಬಿಟ್ಟ ನೀರು ಬೆಳಗಾಗುವುದರೊಳಗೆ ಬೇತ್ರಿ ಸೇರಿರುತ್ತದೆ. ದೂರು ಕೊಟ್ಟು, ಅಧಿಕಾರಿ ಬಂದು ಮಾದರಿ ತೆಗೆಯುವ ಹೊತ್ತಿಗೆ ತೋಡಿನಲ್ಲಿ ಹೊಸ ನೀರು ಹರಿಯುತ್ತಿರುತ್ತದೆ. ಆ ರಾತ್ರಿ ಅಲ್ಲಿರುವವರು ನೆರೆಹೊರೆಯವರು ಮಾತ್ರ. ಪಟ್ಟಣದ ಚರಂಡಿ, ಹೊಳೆಬದಿಯ ಹೋಂಸ್ಟೇಗಳ ಶೌಚದ ಗುಂಡಿ, ಶುಂಠಿ ಗದ್ದೆಗಳ ಔಷಧಿ ನಮ್ಮ ಕೈಮೀರಿದ ಸಂಗತಿಗಳು ಎಂಬುದನ್ನು ಒಪ್ಪುತ್ತೇನೆ. ಅವನ್ನು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಬೇಕು, ಉತ್ತರ ನಡಾವಳಿಯಲ್ಲಿ ದಾಖಲಾಗುವವರೆಗೆ ಕೂರಬಾರದು. ನಮ್ಮ ಹೊಂಡಗಳು ತಯಾರಾದ ಮೇಲೆ ಹಾಗೆ ಕೇಳುವ ಧೈರ್ಯ ನಮಗೂ ಬಂದಿದೆ.

ಮೇಲಿನ ಎರಡು ತೋಟಗಳವರು ಇನ್ನೂ ಹೊಂಡ ತೆಗೆದಿಲ್ಲ. ಒಬ್ಬರಿಗೆ ಜಾಗದ ತೊಂದರೆ, ಇನ್ನೊಬ್ಬರಿಗೆ ಖರ್ಚಿನ ಚಿಂತೆ, ಎರಡೂ ನಿಜವೇ. ಈ ಸಲ ಕಾವೇರಿ ಚಂಗ್ರಾಂದಿ (ತುಲಾ ಸಂಕ್ರಮಣ) ಕಳೆದ ಮೇಲಿನ ಮೊದಲ ಭಾನುವಾರ ನಮ್ಮ ಹೊಂಡಗಳ ಹೂಳು ತೆಗೆಯಲು ಜೆಸಿಬಿ ಬರಲಿದೆ. ಅದೇ ದಿನ ಅವರ ತೋಟಕ್ಕೂ ಕಳುಹಿಸಿ, ಬಾಡಿಗೆಯನ್ನು ಹನ್ನೊಂದು ಮನೆಯವರೂ ಹಂಚಿಕೊಳ್ಳುವುದೆಂದು ಮಾತಾಡಿಕೊಂಡಿದ್ದೇವೆ. ನಿಮ್ಮ ಊರಿನ ತೋಡಿನ ಬದಿಯಲ್ಲಿ ಇಂಥ ಕೆಲಸ ನಡೆದಿದ್ದರೆ, ಕಡಿಮೆ ಜಾಗದಲ್ಲಿ ಹೊಂಡ ಹೇಗೆ ಮಾಡಿದಿರಿ ಎಂಬುದನ್ನು ದಯವಿಟ್ಟು ಬರೆಯಿರಿ, ಅವರಿಗೆ ತೋರಿಸುತ್ತೇನೆ.