ಭಾನುವಾರದ ಕಾಫಿ ಯಾರು ಮಾಡೋದು?

ಬಾಸ್ಟನ್ ಸುತ್ತಮುತ್ತಲಿನ ಕನ್ನಡದ ಗೆಳೆಯರು ಸಿಕ್ಕಾಗೆಲ್ಲ ಒಂದು ಪ್ರಶ್ನೆ ಬಂದೇ ಬರುತ್ತದೆ. "ನೀವು ಯೂನಿಟೇರಿಯನ್ ಚರ್ಚಿಗೆ ಹೋಗ್ತೀರಂತೆ. ಅಲ್ಲಿ ಏಸುವನ್ನೂ ನಂಬಲೇಬೇಕು ಅಂತಿಲ್ಲ, ದೇವರನ್ನೂ ನಂಬಲೇಬೇಕು ಅಂತಿಲ್ಲ. ಹಾಗಿದ್ದ ಮೇಲೆ ವಾರ ವಾರ ಹೋಗಿ ಮಾಡೋದೇನು?" ಕೇಳುವ ದನಿಯಲ್ಲಿ ಅರ್ಧ ಕುತೂಹಲ, ಇನ್ನರ್ಧ ಅನುಮಾನ. ಮತಾಂತರ ಆಗಿಬಿಟ್ರಾ ಅಂತ. ಇಲ್ಲ. ನಮ್ಮ ಮನೆಯಲ್ಲಿ ಈಗಲೂ ಗಣಪತಿ ಕೂರಿಸುತ್ತೇವೆ, ಯುಗಾದಿಗೆ ಬೇವು ಬೆಲ್ಲ ಹಂಚುತ್ತೇವೆ. ಅಲ್ಲಿ ಸದಸ್ಯರಾಗಲು ಏನನ್ನೂ ಬಿಡಬೇಕಾಗಿಲ್ಲ. ಸದಸ್ಯರ ಪುಸ್ತಕದಲ್ಲಿ ಸಹಿ ಹಾಕಬೇಕು.

ಆದರೆ "ಮಾಡೋದೇನು" ಅನ್ನೋ ಪ್ರಶ್ನೆ ನನಗೆ ಇಷ್ಟ. "ನಂಬೋದೇನು" ಅಂತ ಕೇಳಿದರೆ ಅಲ್ಲಿ ಪಕ್ಕಪಕ್ಕ ಕೂತ ನಾಲ್ವರು ನಾಲ್ಕು ಉತ್ತರ ಕೊಡುತ್ತಾರೆ. ಒಬ್ಬರು ನಾಸ್ತಿಕರು, ಒಬ್ಬರು ಕ್ರಿಶ್ಚಿಯನ್, ಒಬ್ಬರು ಬೌದ್ಧ ಧ್ಯಾನ ಮಾಡುವವರು, ಇನ್ನೊಬ್ಬರು ಯಹೂದಿ ಮನೆತನದವರು. "ಮಾಡೋದೇನು" ಅಂತ ಕೇಳಿದರೆ ಮಾತ್ರ ನಾಲ್ವರೂ ಒಂದೇ ಪಟ್ಟಿ ಹೇಳುತ್ತಾರೆ. ಇವತ್ತು ನಾನು ಹೇಳೋದು ಆ ಪಟ್ಟಿಯ ಬಗ್ಗೆ. ಜೊತೆಗೆ ನಮ್ಮವರಿಗೆ ಒಂದು ಮಾತು ಹೇಳೋದಿದೆ, ಅದು ಕೊನೆಯಲ್ಲಿ.

ಸಭೆ ಶುರುವಾಗೋದು ಭಾನುವಾರ ಹತ್ತೂವರೆಗೆ. ಕೆಲಸ ಶುರುವಾಗೋದು ಒಂಬತ್ತಕ್ಕೆ. ಬಾಗಿಲಲ್ಲಿ ನಿಂತು ಮಾತಾಡಿಸೋಕೆ ಇಬ್ಬರು ಬೇಕು. ಝೂಮ್‌ನಲ್ಲಿ ನೋಡುವ ವಯಸ್ಸಾದವರಿಗಾಗಿ ಕ್ಯಾಮೆರಾ, ಮೈಕು ನೋಡಿಕೊಳ್ಳೋಕೆ ಒಬ್ಬರು. ಮಕ್ಕಳ ತರಗತಿಗೆ ಇಬ್ಬರು, ಯಾಕೆಂದರೆ ಮಕ್ಕಳ ಜೊತೆ ದೊಡ್ಡವರು ಒಬ್ಬರೇ ಇರಬಾರದು ಅನ್ನೋದು ನಿಯಮ. ಅಡುಗೆಮನೆಗೆ ಇಬ್ಬರು.

ಅಡುಗೆಮನೆ ನನಗೆ ಚೆನ್ನಾಗಿ ಗೊತ್ತು. ಅಲ್ಲಿ ಎರಡು ದೊಡ್ಡ ಸ್ಟೀಲಿನ ಅರ್ನ್‌ಗಳಿವೆ. ಒಂದು ಮಾಮೂಲಿ ಕಾಫಿಗೆ, ಇನ್ನೊಂದು ಕೆಫೀನ್ ತೆಗೆದ ಡಿಕ್ಯಾಫ್‌ಗೆ. ಗೆರೆ ಮುಟ್ಟುವ ತನಕ ತಣ್ಣೀರು ತುಂಬಿ, ಮೇಲಿನ ಜಾಲರಿಗೆ ಪುಡಿ ಹಾಕಿ, ಸ್ವಿಚ್ ಹಾಕಬೇಕು. ಪೂರ್ತಿ ಇಳಿಯೋಕೆ ಹತ್ತಿರ ಹತ್ತಿರ ಒಂದು ಗಂಟೆ ಬೇಕು. ಎರಡನ್ನೂ ಒಂದೇ ಗೋಡೆಯ ಪ್ಲಗ್ಗಿಗೆ ಹಾಕಿದರೆ ಫ್ಯೂಸ್ ಹೋಗುತ್ತದೆ. ಹಳೇ ಕಟ್ಟಡ, ಹಳೇ ವೈರಿಂಗ್. ಯಾರೋ ಪುಣ್ಯಾತ್ಮರು ಗೋಡೆಗೆ ಚೀಟಿ ಬರೆದು ಅಂಟಿಸಿದ್ದಾರೆ: ಒಂದು ಇಲ್ಲಿ, ಇನ್ನೊಂದು ಫ್ರಿಜ್ ಪಕ್ಕ. ಕಾಗದದ ಲೋಟ ಬಳಸೋದಿಲ್ಲ, ಪಿಂಗಾಣಿ ಕಪ್ಪುಗಳು. ಹಾಗಾಗಿ ಎಲ್ಲರೂ ಕುಡಿದು ಹೋದ ಮೇಲೆ ತೊಳೆಯುವ ಕೆಲಸವೂ ಇದೆ. ಆ ಸಿಂಕಿನ ಮುಂದೆ ಪಕ್ಕಪಕ್ಕ ನಿಂತು ನಾನು ಕೇಳಿಸಿಕೊಂಡಷ್ಟು ಮನಸ್ಸಿನ ಮಾತು ಬೇರೆಲ್ಲೂ ಕೇಳಿಲ್ಲ. ಕೈ ಕೆಲಸದಲ್ಲಿದ್ದಾಗ, ಕಣ್ಣು ಕಪ್ಪಿನ ಮೇಲಿದ್ದಾಗ, ಜನ ಸಲೀಸಾಗಿ ಮಾತಾಡುತ್ತಾರೆ.

ಸಭೆಯ ಕ್ರಮ ಸರಳ. ಮೊದಲು ಚಾಲಿಸ್ ಹಚ್ಚುತ್ತಾರೆ. ಕಾಲಿರುವ ಬಟ್ಟಲಿನಲ್ಲಿ ಉರಿಯುವ ದೀಪ ಅದು. ಕೆಲವರು ಅದನ್ನು ನಮ್ಮ ದೀಪದ ಹಾಗೇ ಅಂದುಕೊಳ್ಳುತ್ತಾರೆ, ಆದರೆ ಅದರ ಕತೆಯೇ ಬೇರೆ. 1941ರಲ್ಲಿ ಯೂನಿಟೇರಿಯನ್ ಸರ್ವಿಸ್ ಕಮಿಟಿ ಅನ್ನೋ ನೆರವಿನ ಸಂಸ್ಥೆಯವರು ಪೋರ್ಚುಗಲ್ಲಿನ ಲಿಸ್ಬನ್ ನಗರದಲ್ಲಿ ಕಚೇರಿ ಇಟ್ಟುಕೊಂಡು, ನಾಜಿಗಳಿಂದ ತಪ್ಪಿಸಿಕೊಂಡು ಬಂದವರನ್ನು ಪಾರು ಮಾಡುತ್ತಿದ್ದರು. ಕಾಗದಪತ್ರಗಳ ಮೇಲೆ ಒತ್ತೋಕೆ ಒಂದು ಗುರುತು ಬೇಕಿತ್ತು. ತಾನೇ ನಿರಾಶ್ರಿತನಾಗಿದ್ದ ಆಸ್ಟ್ರಿಯಾದ ಕಲಾವಿದ ಹಾನ್ಸ್ ಡಾಯ್ಚ್ ಈ ಚಿತ್ರ ಬರೆದುಕೊಟ್ಟ. ಆಮೇಲೆ ಅದು ಕಾಗದದಿಂದ ಎದ್ದು ಬಂದು ಪ್ರತಿ ಸಭೆಯ ಮೇಜಿನ ಮೇಲೆ ಕೂತಿತು. ಪೂಜೆಯ ವಸ್ತು ಆಗುವ ಮೊದಲು ಅದು ಕಚೇರಿಯ ಮುದ್ರೆ ಆಗಿತ್ತು ಅನ್ನೋದು ನನಗೆ ತುಂಬಾ ಹಿಡಿಸಿದ ಸಂಗತಿ.

ಆಮೇಲೆ ಹಾಡು, ಮಕ್ಕಳಿಗೊಂದು ಕತೆ. ಕತೆ ಮುಗಿದ ಮೇಲೆ ಎಲ್ಲರೂ ಹಾಡುತ್ತಾ ಮಕ್ಕಳನ್ನು ಅವರ ತರಗತಿಗೆ ಕಳಿಸುತ್ತಾರೆ. ಕಾಣಿಕೆ ತಟ್ಟೆ ಬರುತ್ತದೆ, ಎಷ್ಟೋ ವಾರ ಅದರ ಅರ್ಧ ಹಣ ಊರಿನ ಆಹಾರ ಬ್ಯಾಂಕಿಗೋ ನಿರಾಶ್ರಿತರ ಸಂಸ್ಥೆಗೋ ಹೋಗುತ್ತದೆ. ಪ್ರವಚನ ಇಪ್ಪತ್ತು ನಿಮಿಷ. ಚೆನ್ನಾಗಿರುತ್ತದೆ, ಕೆಲವು ಸಲ ಸಪ್ಪೆ ಇರುತ್ತದೆ.

ನಾನು ಕಾಯುವುದು "ಸಂತೋಷ ಮತ್ತು ದುಃಖ"ದ ಹೊತ್ತಿಗಾಗಿ. ಇಷ್ಟವಿದ್ದವರು ಎದ್ದು ಮುಂದೆ ಹೋಗಿ ಒಂದು ಸಣ್ಣ ಮೇಣದ ಬತ್ತಿ ಹಚ್ಚಿ, ಒಂದೆರಡು ವಾಕ್ಯ ಹೇಳಬಹುದು. ಸುಮ್ನೆ ಹಚ್ಚಿ ಬರಲೂಬಹುದು. ಮಗಳಿಗೆ ಕೆಲಸ ಸಿಕ್ಕಿತು. ಸ್ಕ್ಯಾನ್ ವರದಿ ಮಂಗಳವಾರ ಬರುತ್ತದೆ. ನಾಯಿ ಸತ್ತುಹೋಯಿತು. ಎಂಬತ್ತು ದಾಟಿದ ಒಬ್ಬರು ಅಜ್ಜಿ ವರ್ಷಗಟ್ಟಲೆ ಒಂದೇ ಮಾತು ಹೇಳುತ್ತಾ ಬಂದಿದ್ದಾರೆ: "ನನ್ನ ಮಗನಿಗಾಗಿ. ಅವನು ಇನ್ನೂ ಫೋನ್ ಮಾಡಿಲ್ಲ." ಯಾರೂ ಸಮಾಧಾನ ಹೇಳಲ್ಲ, ಸಲಹೆ ಕೊಡಲ್ಲ. ಎಲ್ಲರೂ ಕೇಳಿಸಿಕೊಳ್ಳುತ್ತಾರೆ. ಸಭೆ ಮುಗಿದ ಮೇಲೆ ಯಾರಾದರೊಬ್ಬರು ಕಾಫಿ ಹಿಡಿದು ಅವರ ಪಕ್ಕ ಹೋಗಿ ಕೂರುತ್ತಾರೆ.

ಇದು ಭಾನುವಾರದ್ದು. ಆದರೆ ಸಭೆ ನಿಂತಿರೋದು ಉಳಿದ ಆರು ದಿನದ ಮೇಲೆ ಅಂತ ನನ್ನ ಅಭಿಪ್ರಾಯ. ಸೋಮವಾರ ಕಟ್ಟಡ ಸಮಿತಿ: ಗೋಪುರದಲ್ಲಿ ಸೋರುತ್ತಿದೆ, ಬಾಯ್ಲರ್ ಹಳೆಯದು. ಮಂಗಳವಾರ ಧ್ಯಾನದ ಗುಂಪು. ನೆಲಮಾಳಿಗೆಯಲ್ಲಿ ಕುಡಿತ ಬಿಟ್ಟವರ ಸಭೆ ನಡೆಯುತ್ತದೆ, ಅದಕ್ಕೆ ಜಾಗ ಕೊಟ್ಟಿರುತ್ತಾರೆ. ಗುರುವಾರ ಸಂಜೆ ಕಾಯಿರ್ (ಹಾಡುಗಾರರ ತಂಡ) ಅಭ್ಯಾಸ. ಶನಿವಾರ ಊರಿನ ಚೌಕದಲ್ಲಿ ಫಲಕ ಹಿಡಿದು ನಿಲ್ಲುವವರು, ಚಳಿಯಲ್ಲೂ ನಿಲ್ಲುತ್ತಾರೆ. ನಡುವೆ ಕವನೆಂಟ್ ಗುಂಪುಗಳು. ಎಂಟು ಹತ್ತು ಜನ ಯಾರದಾದರೂ ಮನೆಯಲ್ಲಿ ಸೇರುತ್ತಾರೆ. ಒಬ್ಬರಾದ ಮೇಲೆ ಒಬ್ಬರು ಮಾತಾಡಬೇಕು, ನಡುವೆ ಬಾಯಿ ಹಾಕುವಂತಿಲ್ಲ. ಕೇಳೋಕೆ ಸುಲಭ ಅನ್ನಿಸಬಹುದು. ನಮ್ಮ ಕಡೆಯ ಹರಟೆಗೆ ಒಗ್ಗಿದವರಿಗೆ ಇದು ದೊಡ್ಡ ಸಾಧನೆಯೇ ಸರಿ.

ಇನ್ನು ಕೇರಿಂಗ್ ಕಮಿಟಿ. ಯಾರಿಗಾದರೂ ಆಪರೇಷನ್ ಆದರೆ, ಮಗು ಹುಟ್ಟಿದರೆ, ಸಾವಾದರೆ, ಒಂದು ಪಟ್ಟಿ ತಯಾರಾಗುತ್ತದೆ. ಯಾವ ದಿನ ಯಾರು ಊಟ ತರುತ್ತಾರೆ, ಆಸ್ಪತ್ರೆಗೆ ಯಾರು ಕಾರಿನಲ್ಲಿ ಕರೆದೊಯ್ಯುತ್ತಾರೆ, ಎಲ್ಲ ಅದರಲ್ಲಿ ಇರುತ್ತದೆ. ಊರಲ್ಲಿ ಅಪ್ಪ ತೀರಿಕೊಂಡು, ನಾನು ಕ್ರಿಯೆ ಮುಗಿಸಿ ಬರುವ ತನಕ ಹೆಂಡತಿ ಮಕ್ಕಳು ಇಲ್ಲೇ ಇದ್ದರು. ಆ ಸಮಿತಿಯವರು ನನ್ನ ಹೆಂಡತಿಗೆ ಫೋನ್ ಮಾಡಿ ಕೇಳಿದ ಮೊದಲ ಪ್ರಶ್ನೆ, "ಈ ದಿನಗಳಲ್ಲಿ ನಿಮ್ಮ ಮನೆಯಲ್ಲಿ ಏನು ತಿನ್ನೋದಿಲ್ಲ?" ಈರುಳ್ಳಿ, ಬೆಳ್ಳುಳ್ಳಿ, ಮೊಟ್ಟೆ ಇಲ್ಲ ಅಂತ ಪಟ್ಟಿಯ ತಲೆಯಲ್ಲೇ ಬರೆದರು. ಒಬ್ಬರು ಬರೀ ಅನ್ನ, ಹೆಸರುಬೇಳೆ ಬೇಯಿಸಿ, ಉಪ್ಪು ಬೇರೆ ಡಬ್ಬಿಯಲ್ಲಿಟ್ಟು ತಂದಿದ್ದರಂತೆ. ದೇವರನ್ನೇ ನಂಬದ ಮನುಷ್ಯ ಅವರು. ನಮ್ಮ ಸೂತಕದ ನಿಯಮ ಅವರಿಗೇನೂ ಆಗಬೇಕಿರಲಿಲ್ಲ. ನಮಗೆ ಮುಖ್ಯ ಅಂತ ಗೊತ್ತಾಯಿತು, ಪಾಲಿಸಿದರು.

ಇದೆಲ್ಲ ಒಳ್ಳೆಯತನದಿಂದ ತಾನಾಗಿ ನಡೆಯುತ್ತದೆ ಅಂದುಕೊಳ್ಳಬೇಡಿ. ಇದರ ಹಿಂದೆ ಹಳೆಯ ಹಟವೊಂದಿದೆ. ಮ್ಯಾಸಚೂಸೆಟ್ಸ್‌ನಲ್ಲಿ 1648ರಲ್ಲೇ ಪ್ಯೂರಿಟನ್ನರು, ಅಂದರೆ ಇಂಗ್ಲೆಂಡಿನಿಂದ ಬಂದ ಕಟ್ಟುನಿಟ್ಟಿನ ಪ್ರಾಟೆಸ್ಟೆಂಟರು, ಕೇಂಬ್ರಿಜ್‌ನಲ್ಲಿ ಕೂತು ಒಂದು ಒಪ್ಪಂದ ಬರೆದರು. ಪ್ರತಿ ಸಭೆಯೂ ತನ್ನನ್ನು ತಾನೇ ನಡೆಸಿಕೊಳ್ಳಬೇಕು, ತನ್ನ ಪಾದ್ರಿಯನ್ನು ತಾನೇ ಆರಿಸಬೇಕು, ಮೇಲೆ ಬಿಷಪ್ ಇಲ್ಲ. ಇವರಲ್ಲೇ ಮುಂದೆ ತ್ರಯೈಕ್ಯ, ಅಂದರೆ ತಂದೆ, ಮಗ, ಪವಿತ್ರಾತ್ಮ ಮೂವರೂ ಸೇರಿ ಒಬ್ಬನೇ ದೇವರು ಅನ್ನೋದನ್ನು, ಒಪ್ಪದವರು ಯೂನಿಟೇರಿಯನ್ನರಾದರು. 1820ರಲ್ಲಿ ಡೆಡಮ್ ಊರಲ್ಲಿ ಪಾದ್ರಿಯ ಆಯ್ಕೆಯ ಜಗಳ ಕೋರ್ಟಿಗೆ ಹೋದಾಗ, ಪಾದ್ರಿಯನ್ನು ಆರಿಸುವ ಹಕ್ಕು ಇಡೀ ಪ್ಯಾರಿಷ್‌ನ (ಚರ್ಚಿನ ವ್ಯಾಪ್ತಿಯ ಊರಿನ) ಮತದಾರರದ್ದು ಅಂತ ತೀರ್ಪಾಯಿತು. ಹಾಗಾಗಿ ಮತದಾರರು ಯೂನಿಟೇರಿಯನ್ನರ ಕಡೆ ಇದ್ದ ಎಷ್ಟೋ ಊರುಗಳಲ್ಲಿ ಹಳೇ ಬಿಳಿ ಗೋಪುರದ ಕಟ್ಟಡ ಅವರಿಗೇ ಉಳಿಯಿತು. ಸಂಪ್ರದಾಯದವರು ಎದ್ದುಹೋಗಿ ಹತ್ತಿರದಲ್ಲೇ ಇನ್ನೊಂದು ಕಟ್ಟಿಕೊಂಡರು. ಈಗಲೂ ಈ ಊರುಗಳಲ್ಲಿ ಓಡಾಡುವಾಗ ಎರಡು ಬಿಳಿ ಚರ್ಚು ಎದುರುಬದುರು ಕಂಡರೆ ಕಾರಣ ಬಹುತೇಕ ಇದೇ. ದೇವರು ಕೊನೆಗೆ ಯಾರನ್ನೂ ಕೈಬಿಡುವುದಿಲ್ಲ ಅನ್ನುತ್ತಿದ್ದ ಯೂನಿವರ್ಸಲಿಸ್ಟರು ಜೊತೆ ಸೇರಿದ್ದು 1961ರಲ್ಲಿ.

ಆ ಹಟ ಇವತ್ತಿಗೂ ಹಾಗೇ ಇದೆ. ಬಾಸ್ಟನ್ನಿನ ಕೇಂದ್ರ ಕಚೇರಿ ಯಾರನ್ನೂ ವರ್ಗ ಮಾಡಿ ಕಳಿಸುವುದಿಲ್ಲ. ಹೊಸ ಮಿನಿಸ್ಟರ್, ಅಂದರೆ ಪಾದ್ರಿ, ಬೇಕಾದರೆ ಸದಸ್ಯರೇ ಹುಡುಕು ಸಮಿತಿ ಮಾಡಬೇಕು. ಆಯ್ಕೆಯಾದವರು ಬಂದು ಎರಡು ಭಾನುವಾರ ಪ್ರವಚನ ಕೊಡುತ್ತಾರೆ, ನಡುವಿನ ಇಡೀ ವಾರ ಎಲ್ಲರ ಪ್ರಶ್ನೆಗೂ ಉತ್ತರಿಸುತ್ತಾರೆ. ಕೊನೆಗೆ ಮತದಾನ. ನೂರಕ್ಕೆ ತೊಂಬತ್ತರಷ್ಟಾದರೂ ಮತ ಬೀಳದಿದ್ದರೆ ಎಷ್ಟೋ ಮಂದಿ ಆ ಕೆಲಸವನ್ನೇ ಒಪ್ಪುವುದಿಲ್ಲ. ಬರೀ ಬಹುಮತ ಸಾಲದು ಅನ್ನೋದು ಎಂಥ ಆರೋಗ್ಯದ ಲಕ್ಷಣ ಅಲ್ವಾ?

ದುಡ್ಡೂ ಅಷ್ಟೇ, ಸದಸ್ಯರೇ ಕೊಡಬೇಕು. ವಸಂತ ಕಾಲದಲ್ಲಿ ಪ್ಲೆಡ್ಜ್ ಅಭಿಯಾನ: ಮುಂದಿನ ವರ್ಷಕ್ಕೆ ಇಷ್ಟು ಕೊಡುತ್ತೇನೆ ಅಂತ ಬರೆದುಕೊಡಬೇಕು. ಮೇ, ಜೂನ್ ಹೊತ್ತಿಗೆ ವಾರ್ಷಿಕ ಸಭೆಯಲ್ಲಿ ಬಜೆಟ್ಟಿನ ಒಂದೊಂದು ಸಾಲೂ ಚರ್ಚೆಗೆ ಬರುತ್ತದೆ. ಸಂಗೀತ ನಿರ್ದೇಶಕರ ಗಂಟೆ ಕಡಿತ ಮಾಡಬೇಕಾ, ಬಾಯ್ಲರ್ ಮುಂದೂಡಬೇಕಾ? ಜನ ಸಿಟ್ಟಾಗುತ್ತಾರೆ. ಮುಂದಿನ ಭಾನುವಾರ ಅದೇ ಜನ ಅದೇ ಬೆಂಚಿನಲ್ಲಿ ಕೂತಿರುತ್ತಾರೆ. ಸಹನೆ, ಸರ್ವಧರ್ಮ ಅಂತ ಭಾಷಣ ಕೇಳಿ ಬೆಳೆದವನು ನಾನು. ಭಿನ್ನಮತದವರು ಒಟ್ಟಿಗಿರುವುದನ್ನು ಕಣ್ಣಾರೆ ಕಂಡದ್ದು ಈ ಬಜೆಟ್ ಸಭೆಯಲ್ಲಿ.

ನಮಗೂ ಇವರಿಗೂ ಏನು ಸಂಬಂಧ ಅಂತ ಕೇಳುವವರಿಗೆ ಒಂದೆರಡು ವಿಷಯ. 1821ರಲ್ಲಿ ರಾಮಮೋಹನ ರಾಯರು ಸ್ಕಾಟ್ಲೆಂಡಿನ ಮಿಷನರಿ ವಿಲಿಯಂ ಆಡಮ್ ಜೊತೆ ಕಲ್ಕತ್ತಾದಲ್ಲಿ ಯೂನಿಟೇರಿಯನ್ ಸಮಿತಿ ಕಟ್ಟಿದ್ದರು. ಬ್ರಹ್ಮ ಸಮಾಜ ಶುರುವಾಗಿದ್ದು ಆಮೇಲೆ, 1828ರಲ್ಲಿ. ಆ ಬ್ರಹ್ಮ ಸಮಾಜದ ಗಾಳಿ ಮಂಗಳೂರಿಗೂ ಬಂತು. ದಲಿತ ಮಕ್ಕಳಿಗೆ ಶಾಲೆ ತೆರೆದ ಕುದ್ಮುಲ್ ರಂಗರಾಯರು ಆ ಬಳಗದವರು. ನಮ್ಮ ಜಮಖಂಡಿಯಲ್ಲಿ 1873ರಲ್ಲಿ ಹುಟ್ಟಿದ ವಿಠ್ಠಲ ರಾಮಜಿ ಶಿಂದೆಯವರು ಆಕ್ಸ್‌ಫರ್ಡಿನಲ್ಲಿ ಯೂನಿಟೇರಿಯನ್ನರ ಮ್ಯಾಂಚೆಸ್ಟರ್ ಕಾಲೇಜಿನಲ್ಲಿ ಓದಿ ಬಂದು, 1906ರಲ್ಲಿ ಮುಂಬೈಯಲ್ಲಿ ದಲಿತರಿಗಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಮೇಘಾಲಯದ ಖಾಸಿ, ಜೈಂತಿಯಾ ಬೆಟ್ಟಗಳಲ್ಲಿ ಹಾಜೋಮ್ ಕಿಸ್ಸೋರ್ ಸಿಂಗ್ 1887ರಲ್ಲಿ ಶುರುಮಾಡಿದ ಯೂನಿಟೇರಿಯನ್ ಸಭೆಗಳು ಇವತ್ತಿಗೂ ಹಳ್ಳಿ ಹಳ್ಳಿಯಲ್ಲಿ ಭಾನುವಾರ ಸೇರುತ್ತವೆ, ಖಾಸಿ ಭಾಷೆಯಲ್ಲೇ ಹಾಡುತ್ತವೆ. ಇದು ನಮಗೆ ಪರದೇಶದ ಸರಕೇನಲ್ಲ.

ಕೊರತೆಗಳಿವೆ, ಮುಚ್ಚಿಡಲ್ಲ. ಬೆಂಚುಗಳಲ್ಲಿ ತಲೆ ನರೆತವರೇ ಜಾಸ್ತಿ. ಬಿಳಿಯರೇ ಜಾಸ್ತಿ. ಇದ್ದ ಕೆಲವೇ ಮಂದಿಯ ಮೇಲೆ ಎಲ್ಲ ಸಮಿತಿಯ ಭಾರ ಬೀಳುತ್ತದೆ, ಅವರು ದಣಿದು ಕೊನೆಗೊಂದು ದಿನ ಬರುವುದನ್ನೇ ನಿಲ್ಲಿಸುತ್ತಾರೆ. ಇದು ನನಗೆ ನಿಜಕ್ಕೂ ನೋವಿನ ವಿಷಯ.

ಅದಕ್ಕೇ ನಮ್ಮವರಿಗೆ ಹೇಳಬೇಕಾದ ಮಾತು. ಭಾರತೀಯ ಕುಟುಂಬಗಳು ಬರುತ್ತವೆ. ಜೂನ್ ತಿಂಗಳ ಹೂವಿನ ಭಾನುವಾರಕ್ಕೆ ಖುಷಿಯಿಂದ ಬರುತ್ತಾರೆ. ಎಲ್ಲರೂ ಒಂದೊಂದು ಹೂ ತಂದು ಒಂದೇ ಹೂದಾನಿಗೆ ಹಾಕಿ, ಹೋಗುವಾಗ ಬೇರೆಯವರ ಹೂ ತೆಗೆದುಕೊಂಡು ಹೋಗುವ ಆಚರಣೆ. ಯೂನಿಟೇರಿಯನ್ ಪಾದ್ರಿ ನಾರ್ಬರ್ಟ್ ಚಾಪೆಕ್ 1923ರಲ್ಲಿ ಪ್ರಾಗ್ ನಗರದಲ್ಲಿ ಶುರುಮಾಡಿದ್ದು. ಅವರನ್ನು 1942ರಲ್ಲಿ ನಾಜಿಗಳು ಕೊಂದರು. ಹೆಂಡತಿ ಮಾಯಾ ಅದಕ್ಕೂ ಮೊದಲೇ ಈ ಆಚರಣೆಯನ್ನು ಇಲ್ಲಿ ಕೇಂಬ್ರಿಜ್‌ಗೆ ತಂದಿದ್ದರು. ನಮ್ಮವರು ಹೂ ತರುತ್ತಾರೆ, ಫೋಟೋ ತೆಗೆಯುತ್ತಾರೆ, ದೀಪಾವಳಿಗೆ ಕರೆದರೆ ಬಂದು ಭಾಷಣ ಮಾಡುತ್ತಾರೆ, ಸಮೋಸಾ ತರುತ್ತಾರೆ. ಆಮೇಲೆ ಕಾಣುವುದಿಲ್ಲ. ಅತಿಥಿಯಾಗಿಯೇ ಉಳಿದುಬಿಡುತ್ತಾರೆ. ಅತಿಥಿಗೆ ಬಜೆಟ್ ಸಭೆಯಲ್ಲಿ ಮತ ಇಲ್ಲ, ಕೇರಿಂಗ್ ಕಮಿಟಿಯ ಫೋನ್ ಪಟ್ಟಿಯಲ್ಲಿ ಹೆಸರಿಲ್ಲ. "ಅವರು ನಮ್ಮನ್ನು ಒಳಗೆ ಸೇರಿಸಿಕೊಳ್ಳಲ್ಲ" ಅಂತ ಆಮೇಲೆ ಬೇಜಾರು. ಊರಿನ ಗಣಪತಿ ಸಮಿತಿಯಲ್ಲಿ ಚಂದಾ ಎತ್ತದೆ, ಪೆಂಡಾಲ್ ಕಟ್ಟದೆ ಯಾರಾದರೂ ನಮ್ಮವರಾಗಿದ್ದಾರಾ?

ನೀವು ಇಂಥ ಸಭೆಗೆ ಹೋಗುತ್ತಿದ್ದರೆ ದಯವಿಟ್ಟು ಒಂದು ಕೆಲಸ ವಹಿಸಿಕೊಳ್ಳಿ. ದೀಪಾವಳಿಯ ಭಾಷಣ ಬೇಡ, ವಾರದ ಕೆಲಸ. ಕಪ್ಪು ತೊಳೆಯುವುದು, ಮೈಕ್ ನೋಡಿಕೊಳ್ಳುವುದು, ಲೆಕ್ಕ ನೋಡುವುದು. ನಮ್ಮಲ್ಲಿ ಲೆಕ್ಕ ಬಲ್ಲವರಿಗೂ ಕಂಪ್ಯೂಟರ್ ಬಲ್ಲವರಿಗೂ ಬರ ಇದೆಯಾ? ಮಕ್ಕಳ ತರಗತಿಗಂತೂ ಪ್ರತಿ ವರ್ಷ ಜನ ಸಾಲುವುದಿಲ್ಲ. ಬೇಸಿಗೆಯಲ್ಲಿ ಮಿನಿಸ್ಟರ್ ರಜೆಯಲ್ಲಿರುತ್ತಾರೆ, ಆದರೆ ಸೆಪ್ಟೆಂಬರಿನ ತರಗತಿಗೆ ಶಿಕ್ಷಕರ ಪಟ್ಟಿ ಆಗಸ್ಟಿನಲ್ಲೇ ತುಂಬಬೇಕು. ಹಿನ್ನೆಲೆ ಪರಿಶೀಲನೆಗೆ ಒಂದು ಫಾರ್ಮ್ ಕೊಡುತ್ತಾರೆ, ಅರ್ಧ ದಿನದ ತರಬೇತಿ ಇರುತ್ತದೆ. ಇಬ್ಬಿಬ್ಬರು ಸೇರಿ ಮಾಡುವ ಕೆಲಸ, ತಿಂಗಳಿಗೆ ಎರಡು ಭಾನುವಾರ ಬಂದರೆ ಸಾಕು. ನಮ್ಮ ಊರಿನ ಹತ್ತಿರ ಇದ್ದು ಮನಸ್ಸಿದ್ದವರು ಇನ್‌ಬಾಕ್ಸ್ ಮಾಡಿ, ಯಾರನ್ನು ಕೇಳಬೇಕು ಅಂತ ಹೇಳ್ತೀನಿ.