ಫೇಲ್ ಸೊನ್ನೆ, ಪಾಸೂ ಸೊನ್ನೆ

ನಾವು ಬರೆದ ಕೋಡ್ ಸರಿಯಿದೆಯಾ ಅಂತ ನೋಡುವ ಟೆಸ್ಟ್ ಫೇಲ್ ಆದರೆ ನನಗೇನೂ ಬೇಜಾರಿಲ್ಲ. ಅದು ಇರುವುದೇ ಅದಕ್ಕೆ. ಎಲ್ಲಿ ಎಡವಟ್ಟಾಗಿದೆ ಅಂತ ಸಾಲಿನ ಸಮೇತ ತೋರಿಸುತ್ತದೆ, ಬೈದುಕೊಂಡು ಸರಿ ಮಾಡುತ್ತೇವೆ, ಕಾಫಿಗೆ ಹೋಗುತ್ತೇವೆ. ತಲೆ ಕೆಡುವುದು ಟೆಸ್ಟ್ ಶುರುವೇ ಆಗದಿದ್ದಾಗ.

2023ರ ಸೆಪ್ಟೆಂಬರ್ ಕೊನೆಯ ವಾರ ಬೆಂಗಳೂರಿನವರಿಗೆ ನೆನಪಿರಬೇಕು. ಮಂಗಳವಾರ ಕಾವೇರಿಗಾಗಿ ಬೆಂಗಳೂರು ಬಂದ್, ಗುರುವಾರ ಈದ್ ಮಿಲಾದ್, ಶುಕ್ರವಾರ ಕರ್ನಾಟಕ ಬಂದ್, ಆಮೇಲೆ ಶನಿವಾರ, ಭಾನುವಾರ, ಸೋಮವಾರ ಗಾಂಧಿ ಜಯಂತಿ. ನಡುವೆ ಪಾಪ ಒಂದು ಬುಧವಾರ ಸಿಕ್ಕಿಕೊಂಡಿತ್ತು. ಅವತ್ತು ಸಂಜೆ ಎಲ್ಲರೂ ಒಟ್ಟಿಗೆ ಊರಿಗೆ ಹೊರಟು, ಎಲ್ಲರೂ ಒಟ್ಟಿಗೆ ಔಟರ್ ರಿಂಗ್ ರೋಡಿನಲ್ಲಿ ನಿಂತೆವು. ಹೊರಡುವಾಗ ನಮ್ಮ ಟೆಸ್ಟ್‌ಗಳೆಲ್ಲ ಹಸಿರು. ಆಮೇಲೆ ಕೋಡ್ ಮುಟ್ಟುವುದಕ್ಕೆ ಆಫೀಸಿನಲ್ಲಿ ಯಾರೂ ಇರಲಿಲ್ಲ.

ಅಕ್ಟೋಬರ್ 3ಕ್ಕೆ ಬಂದು ನೋಡಿದರೆ ಬಿಲ್ಡ್ (ಕೋಡನ್ನೆಲ್ಲ ಜೋಡಿಸಿ ಟೆಸ್ಟ್ ಓಡಿಸುವ ಕೆಲಸ) ಕೆಂಪು. ಫ್ಲಾಸ್ಕ್ ಅಂದರೆ ಪೈಥಾನ್ ಭಾಷೆಯಲ್ಲಿ ವೆಬ್ ಆ್ಯಪ್ ಕಟ್ಟಲು ಸಿಗುವ ರೆಡಿಮೇಡ್ ಕೋಡು, ಅಂದರೆ ಪ್ಯಾಕೇಜು. ವರ್ಕ್‌ಜ್ಯೂಗ್ ಅದಕ್ಕೆ ಬೇಕಾದ ಇನ್ನೊಂದು ಪ್ಯಾಕೇಜು. ಫ್ಲಾಸ್ಕ್‌ಗೆ ಬೇಕಾದ ‘ಯುಆರ್‌ಎಲ್ ಕೋಟ್’ ಅನ್ನೋದು ವರ್ಕ್‌ಜ್ಯೂಗ್‌ನಲ್ಲಿ ಸಿಗುತ್ತಿಲ್ಲ ಅಂತ ಎರರ್ ಬಂದಿತ್ತು. ಟೆಸ್ಟ್ ಓಡಿಸಬೇಕಾದ ಪೈಟೆಸ್ಟ್ ಒಂದು ಟೆಸ್ಟನ್ನೂ ಎತ್ತಿಕೊಂಡಿರಲಿಲ್ಲ.

ಇಂಥ ಹೊತ್ತಲ್ಲಿ ಮೊದಲು ನಡೆಯುವುದು ತನಿಖೆ. ಟೀಮಿನ ಹುಬ್ಬಳ್ಳಿ ಹುಡುಗಿಯನ್ನು ಕೇಳಿದೆ, ‘ಏನಾದ್ರೂ ಬದಲಾಯಿಸಿದ್ಯೇನಮ್ಮ?’

‘ನಾ ಏನೂ ಮುಟ್ಟಿಲ್ರಿ ಸರ್. ಲ್ಯಾಪ್‌ಟಾಪ್ ಬ್ಯಾಗಿನ್ಯಾಗಿಂದ ಹೊರಗ ತಗದೇ ಇಲ್ಲ.’

ಅವಳು ಹೇಳಿದ್ದು ನಿಜವೇ. ಅವಳ ಲ್ಯಾಪ್‌ಟಾಪಿನಲ್ಲಿ ಟೆಸ್ಟ್ ಸಲೀಸಾಗಿ ಓಡಿತು. ನನ್ನದರಲ್ಲೂ ಓಡಿತು. ಓಡದೇ ಇದ್ದದ್ದು ಎಲ್ಲರ ಕೋಡನ್ನೂ ತಾನೇ ಜೋಡಿಸಿ ಟೆಸ್ಟ್ ಓಡಿಸುವ ಸಿಐ ಸರ್ವರಿನಲ್ಲಿ ಮಾತ್ರ.

ವಿಷಯ ಇಷ್ಟೇ. ಬೇಕಾದ ಪ್ಯಾಕೇಜುಗಳ ನಮ್ಮ ಪಟ್ಟಿಯಲ್ಲಿ ಫ್ಲಾಸ್ಕ್ ವರ್ಷನ್ 2.2.2 ಅಂತ ಖಡಾಖಂಡಿತ ಬರೆದಿತ್ತು. ಫ್ಲಾಸ್ಕ್ ನಿಂತಿರುವುದು ವರ್ಕ್‌ಜ್ಯೂಗ್ ಮೇಲೆ. ‘ವರ್ಕ್‌ಜ್ಯೂಗ್ 2.2.2ಕ್ಕಿಂತ ಹಳೇದು ಬೇಡ’ ಎಂದಿತ್ತೇ ಹೊರತು, ಎಷ್ಟು ಹೊಸದಾದರೆ ಬೇಡ ಅಂತ ಫ್ಲಾಸ್ಕ್ ಹೇಳಿರಲಿಲ್ಲ. ನಾವು ಊರಲ್ಲಿ ಮಲಗಿದ್ದ ಶನಿವಾರ, ಸೆಪ್ಟೆಂಬರ್ 30ಕ್ಕೆ, ವರ್ಕ್‌ಜ್ಯೂಗ್ 3.0 ಬಂತು. ಹಳೇ ಸಾಮಾನೆಲ್ಲ ಕಿತ್ತುಹಾಕಿದ್ದರು. ನಮ್ಮ ಲ್ಯಾಪ್‌ಟಾಪ್‌ಗಳಲ್ಲಿ ಎಂದೋ ಹಾಕಿದ ಹಳೇದು ಹಾಗೇ ಇತ್ತು. ಸಿಐ ಮಾತ್ರ ಪ್ರತಿ ಸಲ ಹೊಸದಾಗಿ ಎಲ್ಲವನ್ನೂ ತರಿಸಿಕೊಳ್ಳುತ್ತದೆ. ತರಿಸಿಕೊಂಡಿತು.

ಬಯ್ಯೋಣ ಅಂದರೆ ಅದಕ್ಕೂ ದಾರಿಯಿಲ್ಲ. ಏಪ್ರಿಲ್‌ನಲ್ಲಿ ಬಂದ ವರ್ಕ್‌ಜ್ಯೂಗ್ 2.3ರಲ್ಲೇ ‘ಇದನ್ನು ತೆಗೆಯುತ್ತೇವೆ’ ಅಂತ ಎಚ್ಚರಿಕೆ ಹಾಕಿದ್ದರು. ಟೆಸ್ಟ್ ಪಾಸಾದ ಮೇಲೆ ಕೆಳಗಿನ ಹಳದಿ ಸಾಲುಗಳನ್ನು ಓದುವ ಪುಣ್ಯಾತ್ಮನನ್ನು ನಾನಂತೂ ಇನ್ನೂ ನೋಡಿಲ್ಲ. 2016ರ ಮಾರ್ಚಿನಲ್ಲಿ ಲೆಫ್ಟ್‌ಪ್ಯಾಡ್ ಎಂಬ 11 ಸಾಲಿನ ಜಾವಾಸ್ಕ್ರಿಪ್ಟ್ ಕೋಡನ್ನು ಬರೆದವರೇ ಎನ್‌ಪಿಎಂ ಎಂಬ ಪ್ಯಾಕೇಜುಗಳ ಉಗ್ರಾಣದಿಂದ ದಿಢೀರ್ ಅಂತ ತೆಗೆದಾಗ, ಅದರ ಹೆಸರೂ ಕೇಳಿರದವರ ಬಿಲ್ಡ್‌ಗಳೆಲ್ಲ ಮಕಾಡೆ ಮಲಗಿದ್ದವು. ವರ್ಕ್‌ಜ್ಯೂಗಿನವರು ಮರ್ಯಾದಸ್ಥರು, ನೋಟಿಸ್ ಕೊಟ್ಟು ಖಾಲಿ ಮಾಡಿದ್ದರು.

ಅಷ್ಟರಲ್ಲಿ ಮ್ಯಾನೇಜರ್ ಬಂದರು. ಕೈಯಲ್ಲಿ ಅವರ ಪ್ರಸಿದ್ಧ ಎಕ್ಸೆಲ್ ಶೀಟು.

‘ಎಷ್ಟ್ರೀ ಫೇಲು?’

‘ಫೇಲ್ ಒಂದೂ ಇಲ್ಲ ಸರ್, ಆದ್ರೆ...’

‘ಸೂಪರ್!’

ಸೊನ್ನೆ ಟೈಪ್ ಮಾಡಿಕೊಂಡು ಹೊರಟೇಬಿಟ್ಟರು. ಶೀಟಿನಲ್ಲಿ ಪಾಸ್ ಕಾಲಂ ಕೂಡ ಇದೆ. ಆದರೆ ಕೆಂಪು ಬಣ್ಣ ಬರುವುದು ಫೇಲ್ ಕಾಲಮ್ಮಿಗೆ ಮಾತ್ರ. ಬಣ್ಣ ಬರದ ಕಾಲಮ್ಮನ್ನು ನೋಡುವಷ್ಟು ಪುರುಸೊತ್ತು ಅವರಿಗಿಲ್ಲ.

ಟೆಸ್ಟ್ ಓಡದೇ ಇರುವ ದಿನ ಸಲಹೆಗಳಿಗೆ ಬರವಿಲ್ಲ. ಒಬ್ಬರು ‘ಫ್ಲಾಸ್ಕೇ 3.0ಗೆ ಹೋಗಿಬಿಡೋಣ, ಅದೂ ಅದೇ ಶನಿವಾರ ಬಂದಿದೆ’ ಅಂದರು. ಹೋದೆವು. ಫ್ಲಾಸ್ಕ್ ಎದ್ದು ನಿಂತಿತು, ಲಾಗಿನ್ ನೋಡಿಕೊಳ್ಳುವ ಪ್ಯಾಕೇಜು ಫ್ಲಾಸ್ಕ್ ಲಾಗಿನ್ 0.6.2 ಬಿತ್ತು. ಅದಕ್ಕೂ ವರ್ಕ್‌ಜ್ಯೂಗಿನ ಹಳೇ ಮನೆಯಿಂದ ಇನ್ನೊಂದು ಸಾಮಾನು ಬೇಕಿತ್ತಂತೆ. ಇನ್ನೊಬ್ಬರು ಅಷ್ಟರಲ್ಲಿ ಯಾರನ್ನೂ ಕೇಳದೆ ‘ವರ್ಕ್‌ಜ್ಯೂಗ್ 3ಕ್ಕಿಂತ ಕೆಳಗೆ’ ಅಂತ ಪಟ್ಟಿಗೆ ಸೇರಿಸಿದ್ದರು. ಫ್ಲಾಸ್ಕ್ 3ಕ್ಕೆ ವರ್ಕ್‌ಜ್ಯೂಗ್ 3 ಇಲ್ಲದೆ ಆಗಲ್ಲ. ಈಗ ಎರಡೂ ಒಂದೇ ಫೈಲಿನಲ್ಲಿ.

ದರ್ಶಿನಿಯಲ್ಲಿ ಇಬ್ಬರು ಸೇರಿ ಒಂದೇ ವಡೆ ತಗೊಂಡ ಕಥೆ ಇದು. ಒಬ್ಬನಿಗೆ ವಡೆ ಸಾಂಬಾರಲ್ಲಿ ಮುಳುಗಿರಬೇಕು, ಇನ್ನೊಬ್ಬನಿಗೆ ಸಾಂಬಾರ್ ಬೇರೆ ಬಟ್ಟಲಲ್ಲೇ ಬೇಕು. ಪೈಥಾನಿನ ಒಂದು ಎನ್ವಿರಾನ್ಮೆಂಟಿನಲ್ಲಿ, ಅಂದರೆ ಪ್ಯಾಕೇಜುಗಳೆಲ್ಲ ಕೂರುವ ಜಾಗದಲ್ಲಿ, ಒಂದು ಪ್ಯಾಕೇಜಿಗೆ ಒಂದೇ ವರ್ಷನ್. ಎರಡನೇ ವಡೆ ಕೇಳುವ ಹಾಗಿಲ್ಲ. ಪ್ಯಾಕೇಜುಗಳನ್ನು ತಂದು ಹಾಕುವುದು ಪಿಪ್. 2020ರ ನವೆಂಬರ್‌ನಲ್ಲಿ ಪಿಪ್ 20.3 ಬರುವವರೆಗೆ ಇಂಥ ಜಗಳಗಳನ್ನು ಪಿಪ್ ಅಷ್ಟಾಗಿ ತಲೆಗೆ ಹಚ್ಚಿಕೊಳ್ಳುತ್ತಿರಲಿಲ್ಲ. ಯಾವುದೋ ಒಂದನ್ನು ಹಾಕಿ ಸುಮ್ನಾಗುತ್ತಿತ್ತು. ಈಗ ‘ರೆಸಲ್ಯೂಷನ್ ಇಂಪಾಸಿಬಲ್’ (ಇವನ್ನು ಹೊಂದಿಸಲಾಗದು) ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿ ಕೈಕಟ್ಟಿ ಕೂರುತ್ತದೆ. ನನಗೆ ಈ ಹೊಸ ಪಿಪ್ಪೇ ಇಷ್ಟ, ಆದರೆ ಅವತ್ತು ಹಾಗನ್ನಿಸಲಿಲ್ಲ.

ಮಧ್ಯದಲ್ಲಿ ಅಮ್ಮನ ಫೋನು. ‘ಯಾಕೋ ಧ್ವನಿ ಡಲ್ಲಾಗಿದೆ?’

‘ಟೆಸ್ಟ್ ಆಗ್ತಾ ಇಲ್ಲಮ್ಮ.’

‘ಖಾಲಿ ಹೊಟ್ಟೇಲಿ ಹೋಗಿದ್ದೆ ತಾನೇ?’

ಕೊನೆಗೆ ಫ್ಲಾಸ್ಕನ್ನು 2.2.2ಕ್ಕೇ ವಾಪಸ್ ತಂದು, ವರ್ಕ್‌ಜ್ಯೂಗನ್ನು 3ರ ಕೆಳಗೆ ಕಟ್ಟಿಹಾಕಿ, ಟೆಸ್ಟ್ ಓಡುತ್ತಿದ್ದ ಲ್ಯಾಪ್‌ಟಾಪಿನಲ್ಲಿ ‘ಪಿಪ್ ಫ್ರೀಜ್’ ಕಮಾಂಡ್ ಕೊಟ್ಟು ಸಿಕ್ಕ ವರ್ಷನ್‌ಗಳನ್ನೆಲ್ಲ ಪಟ್ಟಿಗೆ ಬರೆದೆವು. ನಾವು ಕೇಳಿದ್ದು ಬೆರಳೆಣಿಕೆಯಷ್ಟು ಪ್ಯಾಕೇಜು. ಅವುಗಳ ಹಿಂದೆ ಬಂದ ಬಂಧುಬಳಗದ ಹೆಸರು ಬರೆಯುತ್ತಾ ಹೋದರೆ ಸ್ಕ್ರೀನ್ ಸಾಲದಾಯಿತು.

ಸಂಜೆ ಟೆಸ್ಟ್ ಓಡಿತು. ಬೆಳಗ್ಗೆಯಿಂದ ತಡೆಯುವವರು ಯಾರೂ ಇಲ್ಲ ಅಂತ ಜನ ಸಿಕ್ಕಿದ್ದನ್ನೆಲ್ಲ ಮುಖ್ಯ ಕೋಡಿಗೆ ಮರ್ಜ್ ಮಾಡಿದ್ದರಲ್ಲ, ಏಳೆಂಟು ಟೆಸ್ಟ್ ಫೇಲ್ ಆದವು. ಎಲ್ಲವೂ ನಿಜವಾದ ತಪ್ಪುಗಳೇ. ನಮಗೆಲ್ಲ ಖುಷಿಯೋ ಖುಷಿ.

ಮ್ಯಾನೇಜರ್ ಶೀಟು ಹಿಡಿದು ಓಡಿ ಬಂದರು. ‘ಏನ್ರೀ ಇದು, ಬೆಳಗ್ಗೆ ಸೊನ್ನೆ ಇತ್ತಲ್ರೀ!’

ಮೊದಲಿಂದ ವಿವರಿಸಿದೆ. ಫ್ಲಾಸ್ಕು, ವರ್ಕ್‌ಜ್ಯೂಗು, ಶನಿವಾರ, ಎಲ್ಲ. ತಾಳ್ಮೆಯಿಂದ ಕೇಳಿದರು. ಆಮೇಲೆ ದನಿ ತಗ್ಗಿಸಿ, ‘ಅದೆಲ್ಲ ಸರಿ. ರಿಲೀಸ್ ಮುಗಿಯೋವರೆಗೆ ಬೆಳಗ್ಗೆ ಇದ್ದ ಹಾಗೇ ಇಡಕ್ಕಾಗಲ್ವಾ?’ ಅಂದರು.