ರಾತ್ರಿ ಒಂದು ಗಂಟೆಯ ಮಡಿ

ರಾತ್ರಿ ಒಂದು ಗಂಟೆಗೆ ಚೈನೀಸ್ ಹೋಟೆಲ್ ಹೊಕ್ಕವರು ಯಾರೂ ಆರೋಗ್ಯ ಸುಧಾರಿಸಿಕೊಳ್ಳಲು ಬಂದವರಲ್ಲ. ಊರಿನ ಬೇರೆಲ್ಲ ಬಾಗಿಲು ಮುಚ್ಚಿರುತ್ತದೆ, ಹೊಟ್ಟೆಯ ಬಾಗಿಲು ಮಾತ್ರ ತೆರೆದಿರುತ್ತದೆ. ಇಲ್ಲಿ ಟ್ಯೂಬ್‌ಲೈಟ್ ಉರಿಯುತ್ತಿದೆ, ಒಳಗಿನಿಂದ ಬಾಣಲೆಯ ಸದ್ದು ಬರುತ್ತಿದೆ, ಗಲ್ಲಾದ ಮೇಲೆ ಕೂತ ಬೆಕ್ಕಿನ ಗೊಂಬೆ ಬಾ ಬಾ ಎಂದು ಕೈ ಬೀಸುತ್ತಿದೆ. ಅಷ್ಟು ಸಾಕು. ಡಯಟ್ಟು, ಡಾಕ್ಟರ್ ಹೇಳಿದ್ದು, ಮನೆಯಲ್ಲಿ ಹೇಳಿದ್ದು ಎಲ್ಲವನ್ನೂ ಚಪ್ಪಲಿಯಂತೆ ಹೊರಗೆ ಕಳಚಿಟ್ಟು ಮನುಷ್ಯ ಒಳಗೆ ಬರುತ್ತಾನೆ.

ನಮ್ಮ ಜೊತೆ ಬರುವ ಮಿತ್ರರೊಬ್ಬರು ಮಾತ್ರ ಒಂದನ್ನು ಕಳಚುವುದಿಲ್ಲ. ಅದು ಮಡಿ. ಹೆಸರು ಬೇಡ, ಮಡಿವಂತರು ಎಂದೇ ಕರೆಯೋಣ. ಅವರದು ಅಜ್ಜಿ ಕಾಲದ ಮಡಿಯಲ್ಲ. ಯಾರ ಕೈ ನೀರಾದರೂ ಕುಡಿಯುತ್ತಾರೆ, ನೀರಲ್ಲದ್ದನ್ನೂ ಕುಡಿಯುತ್ತಾರೆ. ಅವರಿಗೆ ಮೈಲಿಗೆಯಾಗುವುದು ಒಂದೇ ಒಂದು ವಸ್ತುವಿನಿಂದ. ಉಪ್ಪಿನ ತಮ್ಮನಂತೆ ಬೆಳ್ಳಗೆ ಹರಳು ಹರಳಾಗಿರುವ ಅದಕ್ಕೆ ಪುಸ್ತಕದಲ್ಲಿ ಮೋನೋಸೋಡಿಯಂ ಗ್ಲುಟಮೇಟ್ ಎಂದೂ, ಬೋರ್ಡಿನಲ್ಲಿ ಎಂಎಸ್‌ಜಿ ಎಂದೂ, ಜನರ ಬಾಯಲ್ಲಿ ಅಜಿನೊಮೊಟೊ ಎಂದೂ, ಅಡುಗೆಯವರ ನಡುವೆ ಟೇಸ್ಟಿಂಗ್ ಪೌಡರ್ ಎಂದೂ ಹೆಸರು. ಸಹಸ್ರನಾಮಕ್ಕೆ ಇನ್ನು 996 ಬಾಕಿ.

ಮೊನ್ನೆ ಶನಿವಾರವೂ ಹೀಗೇ ಆಯಿತು. ಅದಕ್ಕೂ ಮುಂಚೆ ಬೇರೊಂದು ಕಡೆ ಮೂರು ಪೆಗ್ ಮುಗಿದಿತ್ತು. ಕಾರಿನಲ್ಲಿ ಬರುವಾಗ ದೊಡ್ಡ ಪೊಟ್ಟಣದ ಚೀಸ್ ಚಿಪ್ಸನ್ನು ಮಡಿವಂತರು ಒಬ್ಬರೇ ಖಾಲಿ ಮಾಡಿ, ಕಿತ್ತಳೆ ಬಣ್ಣಕ್ಕೆ ತಿರುಗಿದ ಬೆರಳುಗಳನ್ನು ಒಂದೊಂದಾಗಿ ನೆಕ್ಕಿದರು. ಆ ಪೊಟ್ಟಣದ ಬೆನ್ನ ಮೇಲೆ ಇರುವೆಯ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ 'ಸ್ವಾದವರ್ಧಕ, ಐಎನ್‌ಎಸ್ 621' ಎಂದು ಬರೆದಿತ್ತು. 621 ಎಂದರೆ ಅದೇ, ಅಂತಾರಾಷ್ಟ್ರೀಯ ಲೆಕ್ಕದಲ್ಲಿ ಅಜಿನೊಮೊಟೊದ ರೋಲ್ ನಂಬರ್. ನಾನು ಹೇಳಲಿಲ್ಲ. ಕಾರು ಅವರದು.

ಹೋಟೆಲಿನಲ್ಲಿ ಕೂತ ತಕ್ಷಣ ವಿಚಾರಣೆ ಶುರು. ವೇಟರ್ ಕಿವಿಯಿಂದ ಪೆನ್ನು ತೆಗೆದು ನಿಂತಿದ್ದಾನೆ. ಪ್ಲಾಸ್ಟಿಕ್ ಹೊದಿಸಿದ ಮೆನು ನನ್ನ ಮೊಣಕೈಗೆ ಅಂಟಿಕೊಂಡಿದೆ.

"ಸೂಪಿಗೆ ಅಜಿನೊಮೊಟೊ ಹಾಕ್ತೀರಾ?"

"ಇಲ್ಲ ಸಾರ್."

"ನೂಡಲ್ಸಿಗೆ?"

"ಇಲ್ಲ ಸಾರ್."

"ಅನ್ನಕ್ಕೆ?"

"ಬೋರ್ಡ್ ಹಾಕಿದ್ದೀವಿ ಸಾರ್."

ಹಾಕಿದ್ದರು. ಮೀನಿನ ತೊಟ್ಟಿಯ ಮೇಲೆ, ಹಳದಿಯಾದ ಟೇಪಿನಲ್ಲಿ ಅಂಟಿಸಿದ್ದ ಬೋರ್ಡು: 'ನಮ್ಮಲ್ಲಿ ಎಂಎಸ್‌ಜಿ ಬಳಸುವುದಿಲ್ಲ.' ಇಂಥ ಬೋರ್ಡನ್ನು ನೀವು ಪಿಜ್ಜಾ ಅಂಗಡಿಯಲ್ಲಿ ನೋಡಿದ್ದೀರಾ? ಬರ್ಗರ್ ಅಂಗಡಿಯಲ್ಲಿ? ಚಿಪ್ಸ್ ಮಾರುವ ಸೂಪರ್ ಮಾರ್ಕೆಟ್ಟಿನ ಬಾಗಿಲಲ್ಲಿ? ಲೋಕದಲ್ಲಿ ಎಲ್ಲಿ ಹೋದರೂ ಇದು ಚೈನೀಸ್ ಹೋಟೆಲಿನ ಗೋಡೆಗೇ ಮೀಸಲು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಕುಂಬಳಕಾಯಿ ಕಳುವೇ ಆಗಿಲ್ಲ, ಆದರೂ ಪಾಪ, ಐವತ್ತು ವರ್ಷಕ್ಕೂ ಮೇಲಿಂದ ಹೆಗಲು ಒರೆಸಿಕೊಳ್ಳುತ್ತ ನಿಂತಿದ್ದಾರೆ.

ಈ ಹೆಗಲು ಒರೆಸುವ ಪದ್ಧತಿ ಶುರುವಾದದ್ದು ಒಂದು ಕಾಗದದಿಂದ. 1968ರ ಏಪ್ರಿಲ್‌ನಲ್ಲಿ ಅಮೆರಿಕದ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪತ್ರಿಕೆಗೆ ರಾಬರ್ಟ್ ಹೋ ಮನ್ ಕ್ವಾಕ್ ಎಂಬ ವೈದ್ಯರು ಬರೆದರು. ಚೀನೀ ಹೋಟೆಲಿನಲ್ಲಿ, ಅದರಲ್ಲೂ ಉತ್ತರ ಚೀನಾದ ಅಡುಗೆ ಉಂಡಾಗ, ಹದಿನೈದಿಪ್ಪತ್ತು ನಿಮಿಷದಲ್ಲಿ ಕತ್ತಿನ ಹಿಂಭಾಗ ಜೋಮು ಹಿಡಿಯುತ್ತದೆ, ಸುಸ್ತಾಗುತ್ತದೆ, ಎದೆ ಡವಡವ ಎನ್ನುತ್ತದೆ, ಎರಡು ಗಂಟೆಯಲ್ಲಿ ಸರಿಹೋಗುತ್ತದೆ. ಕಾರಣ ಅಡುಗೆಗೆ ಹಾಕುವ ವೈನ್ ಇರಬಹುದು, ಉಪ್ಪು ಹೆಚ್ಚಾದದ್ದು ಇರಬಹುದು, ಎಂಎಸ್‌ಜಿ ಇರಬಹುದು, ಯಾರಾದರೂ ಪರೀಕ್ಷೆ ಮಾಡಿ ನೋಡಿ ಎಂದರು. ಇಷ್ಟೇ. ಒಬ್ಬ ಮನುಷ್ಯ, ಒಂದು ಕತ್ತು, ಮೂರ್ನಾಲ್ಕು 'ಇರಬಹುದು'. ಪತ್ರಿಕೆಯವರು ಅದಕ್ಕೆ 'ಚೈನೀಸ್ ರೆಸ್ಟೋರೆಂಟ್ ಸಿಂಡ್ರೋಮ್' ಎಂದು ತಲೆಬರಹ ಕೊಟ್ಟರು. ಅಲ್ಲಿಗೆ 'ಇರಬಹುದು'ಗಳೆಲ್ಲ ಉದುರಿಹೋಗಿ ತಲೆಬರಹ ಮಾತ್ರ ಉಳಿಯಿತು. ಅಡುಗೆ ವೈನಿನ ಮೇಲೆ ಯಾರಿಗೂ ಸಂಶಯ ಬರಲಿಲ್ಲ. ವೈನಿನ ಮೇಲೆ ಸಂಶಯ ಪಡುವುದು ಯಾರಿಗೆ ತಾನೆ ಇಷ್ಟ?

ಇದರಲ್ಲೂ ಒಂದು ಉಪಕಥೆ ಇದೆ. ಎಷ್ಟೋ ವರ್ಷವಾದ ಮೇಲೆ ಇನ್ನೊಬ್ಬ ವೈದ್ಯರು, ಆ ಕಾಗದ ನಾನೇ ಬಾಜಿ ಕಟ್ಟಿ ತಮಾಷೆಗೆ ಬರೆದದ್ದು, ಕ್ವಾಕ್ ಎಂಬವನೇ ಇಲ್ಲ ಎಂದು ಹೇಳಿಕೊಂಡರು. ಹುಡುಕಿ ನೋಡಿದರೆ ಕ್ವಾಕ್ ಇದ್ದದ್ದು ನಿಜ, ತಮಾಷೆ ಎಂದದ್ದೇ ತಮಾಷೆ. ಜಗತ್ತಿನ ತಲೆನೋವೊಂದಕ್ಕೆ ಇಬ್ಬರು ತಂದೆಯರು.

ಆಮೇಲೆ ಪರೀಕ್ಷೆಗಳೂ ನಡೆದವು. ತಮಗೆ ಅಜಿನೊಮೊಟೊ ಆಗಿಬರುವುದಿಲ್ಲ ಎಂದು ಪ್ರಮಾಣ ಮಾಡಿ ಹೇಳುವ 130 ಜನರನ್ನೇ ಆರಿಸಿ, ಯಾವ ಲೋಟದಲ್ಲಿ ಏನಿದೆ ಎಂದು ಕೊಡುವವರಿಗೂ ಕುಡಿಯುವವರಿಗೂ ಗೊತ್ತಾಗದಂತೆ ಮಾಡಿ, ಒಂದು ಹೊತ್ತಿಗೆ ಐದು ಗ್ರಾಂವರೆಗೆ ಕುಡಿಸಿ ನೋಡಿದರು. ಫಲಿತಾಂಶ 2000ನೇ ಇಸವಿಯಲ್ಲಿ ಹೊರಬಂತು. ಒಂದು ಸಲ ಬಂದ ಜೋಮು ಇನ್ನೊಂದು ಸಲ ಬರಲಿಲ್ಲ, ಊಟದ ಜೊತೆ ಕೊಟ್ಟಾಗಂತೂ ಲೆಕ್ಕಕ್ಕೇ ಸಿಗಲಿಲ್ಲ. ಬರಿಹೊಟ್ಟೆಯಲ್ಲಿ ಮೂರು ಗ್ರಾಂ ಮೇಲೆ ತಿಂದರೆ ಕೆಲವರಿಗೆ ಸ್ವಲ್ಪ ಹೊತ್ತು ಮೈಗೆ ಕಿರಿಕಿರಿಯಾಗಬಹುದು, ಆದರೆ ಒಂದು ತಟ್ಟೆಯಲ್ಲಿ ಸಾಮಾನ್ಯವಾಗಿ ಇರುವುದು ಅರ್ಧ ಗ್ರಾಮಿಗಿಂತ ಕಡಿಮೆ ಎಂದು ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೇಳುತ್ತದೆ. ಅದೇ ಎಫ್‌ಡಿಎ ಲೆಕ್ಕದಲ್ಲಿ ದೊಡ್ಡವನೊಬ್ಬ ದಿನಕ್ಕೆ ಆಹಾರದ ಪ್ರೋಟೀನಿನಿಂದಲೇ ಆ ಪುಡಿಯ ತಿರುಳಾದ ಗ್ಲುಟಮೇಟನ್ನು ಸುಮಾರು 13 ಗ್ರಾಂ ತಿನ್ನುತ್ತಾನೆ, ಮೇಲಿಂದ ಹಾಕಿದ ಪುಡಿಯಿಂದ ಸಿಗುವುದು 0.55 ಗ್ರಾಂ. ಟೊಮೆಟೊದಲ್ಲಿ ಅದಿದೆ, ಅಣಬೆಯಲ್ಲಿದೆ, ಹಳೆಯ ಚೀಸಿನಲ್ಲಿ ಢಾಳಾಗಿದೆ. ಪ್ರೋಟೀನಿಗೆ ಅಂಟಿಕೊಳ್ಳದ ಬಿಡಿ ಗ್ಲುಟಮೇಟ್ ತಾಯಿಯ ಹಾಲಿನಲ್ಲಿ ಹಸುವಿನ ಹಾಲಿಗಿಂತ ಎಷ್ಟೋ ಪಟ್ಟು ಹೆಚ್ಚಿದೆ. ಹುಟ್ಟಿದ ದಿನವೇ ಮಡಿವಂತರ ಮಡಿ ಕೆಟ್ಟಿತ್ತು ಎಂದ ಹಾಗಾಯಿತು.

ಅವರ ಆರ್ಡರ್ ಕೇಳಿ: ಟೊಮೆಟೊ-ಮೊಟ್ಟೆ ಸೂಪು, ಸೋಯಾ ಸಾಸಿನಲ್ಲಿ ಹುರಿದ ಅಣಬೆ, ಆಯ್ಸ್ಟರ್ ಸಾಸ್ ಹಾಕಿದ ನೂಡಲ್ಸು. ಗ್ಲುಟಮೇಟ್ ಎಂಬ ವಂಶದ ಮೂರು ಮುಖ್ಯ ಮನೆತನಗಳನ್ನು ಹುಡುಕಿ ಮೇಜಿಗೆ ಕರೆಸಿಕೊಂಡು, ಕೊನೆಯಲ್ಲಿ "ಅಜಿನೊಮೊಟೊ ಮಾತ್ರ ಬೇಡ" ಎಂದರು.

"ನಮಗೆ ಒರಿಜಿನಲ್ ಚೈನೀಸ್ ಬೇಕಪ್ಪ, ಅಪ್ಪಟ," ಎಂದೂ ಸೇರಿಸಿದರು.

ಅಪ್ಪಟ ಚೀನಾದ ವಸ್ತು ಯಾವುದಿದೆ ಎಂದು ನಾನು ಸುತ್ತ ನೋಡಿದೆ. ಗಲ್ಲಾದ ಮೇಲಿನ ಬೆಕ್ಕು ಜಪಾನಿನದು. ಊಟದ ಕೊನೆಗೆ ಕೊಡುವ ಭವಿಷ್ಯದ ಚೀಟಿ ಇಟ್ಟ ಬಿಸ್ಕತ್ತೂ ಜಪಾನಿನದೇ, ಕ್ಯೋಟೋ ಕಡೆಯಿಂದ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಅಲ್ಲಿ ಚೀನೀ ವೇಷ ಹಾಕಿಕೊಂಡದ್ದು. ಚೀನಾದಲ್ಲಿ ಊಟ ಮುಗಿಸಿ ಅದನ್ನು ಕೇಳಿದರೆ ಮುಖ ಮುಖ ನೋಡುತ್ತಾರೆ. ಪಾರ್ಸೆಲ್ ಕೊಡುವ ರಟ್ಟಿನ ಡಬ್ಬಿಗೆ ಪೇಟೆಂಟ್ ಸಿಕ್ಕಿದ್ದು 1894ರಲ್ಲಿ, ಶಿಕಾಗೋದವನಿಗೆ. ಆ ಬಿಳಿಪುಡಿಯ ಜಾತಕ ಬರೆದರೂ ಚೀನಾ ಮೊದಲ ಮನೆಯಲ್ಲಿ ಬರುವುದಿಲ್ಲ: ಗ್ಲುಟಮಿಕ್ ಆಮ್ಲವನ್ನು ಗೋಧಿಯಿಂದ ತೆಗೆದವನು 1866ರಲ್ಲಿ ಒಬ್ಬ ಜರ್ಮನ್, 1908ರಲ್ಲಿ ಟೋಕಿಯೊದ ಪ್ರೊಫೆಸರ್ ಕಿಕುನಾಎ ಇಕೆದಾ, ಕಡಲಪಾಚಿಯ ಸಾರಿಗೆ ಈ ರುಚಿ ಎಲ್ಲಿಂದ ಬಂತು ಎಂದು ತಲೆ ಕೆಡಿಸಿಕೊಂಡು ಅದನ್ನು ಹಿಡಿದು ಆ ರುಚಿಗೆ ಉಮಾಮಿ ಎಂದು ಹೆಸರಿಟ್ಟರು. ಮರುವರ್ಷ ಮಾರಾಟಕ್ಕೆ ಬಂದ ಪುಡಿಯ ಹೆಸರೇ ಅಜಿನೊಮೊಟೊ, ಅರ್ಥ 'ರುಚಿಯ ಮೂಲ'. ಈಗ ಅದನ್ನು ಮಾಡುವುದು ಕಬ್ಬಿನ ಕಾಕಂಬಿಯನ್ನೋ ಮೆಕ್ಕೆಜೋಳವನ್ನೋ ಹುದುಗಿಸಿ, ಮೊಸರು ಹೆಪ್ಪು ಹಾಕಿದಷ್ಟೇ ಸಾತ್ವಿಕವಾಗಿ. ಜರ್ಮನಿ ಕಂಡುಹಿಡಿಯಿತು, ಜಪಾನ್ ಮಾರಿತು, ಅಮೆರಿಕ ಹೆದರಿತು, ಬೋರ್ಡು ಬರೆದದ್ದು ಚೀನೀಯರು.

ಇನ್ನು ಮಡಿವಂತರ ತಲೆನೋವು. ಅದು ನಿಜವಾದದ್ದೇ, ನಾನು ಸಾಕ್ಷಿ. ಪ್ರತಿ ಭಾನುವಾರ ಹನ್ನೊಂದಕ್ಕೆ ಫೋನು ಬರುತ್ತದೆ. "ತಲೆ ಸಿಡೀತಿದೆ ರೀ. ಆ ಚೈನೀಸಿನವನು ಹಾಕಿಬಿಟ್ಟಿದ್ದಾನೆ. ನನಗೆ ತಕ್ಷಣ ಗೊತ್ತಾಗಿಬಿಡುತ್ತೆ." ಹಿಂದಿನ ರಾತ್ರಿಯ ಪಂಚನಾಮೆ ಹೀಗಿರುತ್ತದೆ: ಮೂರು ಪೆಗ್, ಕೆಲವು ಸಲ ನಾಲ್ಕು. ಅದರ ಜೊತೆ ಉಪ್ಪು ಸವರಿದ ಕಡಲೆಬೀಜ. ಒಂದು ಪೊಟ್ಟಣ ಚಿಪ್ಸು. ನೀರು, ಲವಲೇಶ. ನಿದ್ದೆ, ನಾಲ್ಕು ಗಂಟೆ. ಹೋಟೆಲಿನಲ್ಲಿ ಎರಡು ಹೊತ್ತಿಗಾಗುವಷ್ಟನ್ನು ಒಂದೇ ಹೊತ್ತಿಗೆ ಇಳಿಸಿ ನೇರ ಹಾಸಿಗೆಗೆ. ಇಷ್ಟೆಲ್ಲ ಆರೋಪಿಗಳನ್ನು ಸಾಲಾಗಿ ನಿಲ್ಲಿಸಿದರೂ ಮಡಿವಂತರ ಬೆರಳು ತೋರಿಸುವುದು, ಅವರ ತಟ್ಟೆಗೆ ಬಿದ್ದಿದೆಯೋ ಇಲ್ಲವೋ ತಿಳಿಯದ ಒಂದು ಚಿಟಿಕೆ ಪುಡಿಯ ಕಡೆಗೆ. ಒಮ್ಮೆ ನಾನು ಧೈರ್ಯ ಮಾಡಿ ಪೆಗ್ಗಿನ ಹೆಸರೆತ್ತಿದೆ. "ಛೆ ಛೆ, ಅದು ನನಗೆ ಇಪ್ಪತ್ತು ವರ್ಷದಿಂದ ಒಗ್ಗಿದೆ," ಎಂದರು. ಚೀನಾದವರಿಗೆ ಆ ಪುಡಿ ನೂರು ವರ್ಷದಿಂದ ಒಗ್ಗಿದೆ, ಲೋಕದಲ್ಲೇ ಹೆಚ್ಚು ತಯಾರಿಸುವವರೂ ತಿನ್ನುವವರೂ ಅವರೇ ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಕಾರು ಅವರದು ಎಂದು ಆಗಲೇ ಹೇಳಿದೆನಲ್ಲ.

ಶಬ್ದಕೋಶದವರು ಕೂಡ ಬಗ್ಗಿದ್ದಾರೆ. ಆ 'ಸಿಂಡ್ರೋಮ್' ಪದದ ಅರ್ಥವನ್ನು ಮೆರಿಯಮ್ ವೆಬ್‌ಸ್ಟರ್ 2020ರಲ್ಲಿ ತಿದ್ದಿತು. ಮಡಿವಂತರ ತಿದ್ದುಪಡಿ ಇನ್ನೂ ಆಗಿಲ್ಲ.

ಆ ರಾತ್ರಿ ಕೈ ತೊಳೆಯಲು ಹೋದವನು ಅಡುಗೆಮನೆಯ ಕಿಂಡಿಯಲ್ಲಿ ಇಣುಕಿದೆ. ಒಲೆಯ ಬೆಂಕಿ ವಿಮಾನ ಏರುವಾಗಿನ ಸದ್ದು ಮಾಡುತ್ತಿತ್ತು. ಬಾಣಲೆಯ ಪಕ್ಕದಲ್ಲಿ ಐದು ಸ್ಟೀಲ್ ಡಬ್ಬಿಗಳ ಸಾಲು: ಉಪ್ಪು, ಸಕ್ಕರೆ, ಬಿಳಿ ಮೆಣಸಿನ ಪುಡಿ, ಕಾರ್ನ್‌ಫ್ಲೋರ್, ಐದನೆಯದು ನಿಮಗೆ ಗೊತ್ತು. ಅಡುಗೆಯವನು ಒಂದೇ ಸೌಟಿನ ತುದಿಯನ್ನು ಒಂದೊಂದು ಡಬ್ಬಿಗೂ ತಾಗಿಸಿ, ಅಳತೆ ನೋಡದೆ ಬಾಣಲೆಗೆ ಕೊಡವುತ್ತಿದ್ದ. ತಬಲಾ ಬಾರಿಸುವವನ ಕೈಯಂತೆ ಲಯ ಇತ್ತು. ನಾಲ್ಕು ತಾಳ ಬಿದ್ದು, ಐದನೆಯದಕ್ಕೆ ಕೈ ಹೋದದ್ದು ಹಾಗೇ ಹಿಂದೆ ಬಂತು. ಡಬ್ಬಿಗೆ ಮುಚ್ಚಳ ಹಾಕಿತ್ತು. ನಮ್ಮ ಮೇಜಿನ ಚೀಟಿ ಎದುರಿಗೇ ನೇತಾಡುತ್ತಿತ್ತು, ಅದರ ಮೇಲೆ ವೇಟರ್ ಎರಡು ಗೀಟು ಎಳೆದಿದ್ದ. ಬೋರ್ಡು ಸುಳ್ಳು ಹೇಳಿರಲಿಲ್ಲ.

ಊಟ ಬಂತು. ಮಡಿವಂತರು ಎರಡು ಚಮಚ ಸೂಪು ಕುಡಿದು, ನಾಲಿಗೆ ಚಪ್ಪರಿಸಿ, ಹುಬ್ಬು ಗಂಟಿಕ್ಕಿ, "ಏನೋ ಕಡಿಮೆ ಆಗಿದೆಯಲ್ಲ?" ಎಂದರು. ಉಪ್ಪು ಹಾಕಿಕೊಂಡರು. ಸೋಯಾ ಸಾಸ್ ಸುರಿದರು. ವಿನಿಗರ್ ಸುರಿದರು. ಮತ್ತೆ ಉಪ್ಪು. "ಮೊದಲಿನ ರುಚಿ ಇಲ್ಲ ರೀ ಇವರದ್ದು. ಆಗೆಲ್ಲ ಏನಿರ್ತಿತ್ತು!" ಮೊದಲು ಏನಿರುತ್ತಿತ್ತು ಎನ್ನುವುದು ನನಗೂ ಗೊತ್ತಿತ್ತು, ವೇಟರಿಗೂ ಗೊತ್ತಿತ್ತು. ಇಬ್ಬರೂ ಮೀನಿನ ತೊಟ್ಟಿ ನೋಡಿದೆವು.

ಎರಡು ಗಂಟೆಗೆ ಶಟರ್ ಅರ್ಧ ಎಳೆದರು. ಬಿಲ್ಲಿಗೆ ಕಾಯುತ್ತಿದ್ದಾಗ ಮೂಲೆಯ ದುಂಡು ಮೇಜಿಗೆ ಅಡುಗೆಯವರು, ಪಾತ್ರೆ ತೊಳೆಯುವ ಹುಡುಗ, ಗಲ್ಲಾದ ಹೆಂಗಸು ಬಂದು ಕೂತರು. ಅವರ ಊಟ ಮೆನುವಿನಲ್ಲಿ ಇರುವಂಥದ್ದಲ್ಲ. ದೊಡ್ಡ ಪಾತ್ರೆಯಲ್ಲಿ ಬಿಳಿ ಅನ್ನ, ಹಬೆಯಲ್ಲಿ ಬೇಯಿಸಿದ ಒಂದು ಇಡೀ ಮೀನು, ಬೆಳ್ಳುಳ್ಳಿ ಜೊತೆ ಹುರಿದ ಹಸಿರು ಸೊಪ್ಪು. ಸೊಪ್ಪಿನ ಕೆಳಗೆ ತಿಳಿಯಾದ ರಸ ಹೊಳೆಯುತ್ತಿತ್ತು. ವಾಸನೆ ನಮ್ಮ ಮೇಜಿಗೆ ಬಂದು ಮಡಿವಂತರ ಮೂಗಿನ ಕೆಳಗೆ ನಿಂತಿತು.

"ಏನದು? ಮೆನುವಿನಲ್ಲಿ ಇಲ್ವಲ್ಲ. ನನಗೂ ಒಂದು ಪ್ಲೇಟ್ ಕೊಡಿ," ಎಂದರು ಎದ್ದು ನಿಂತು.

ವೇಟರ್ ಬಾಯಲ್ಲಿದ್ದ ತುತ್ತು ನುಂಗಿದ. "ಬೇಡ ಸಾರ್. ಅದು ನಮಗೆ ಅಂತ ಮಾಡ್ಕೊಂಡಿದ್ದು. ಸೊಪ್ಪಿಗೆ ಅದನ್ನ ಹಾಕಿದ್ದೀವಿ."

ಮಡಿವಂತರು ಬೋರ್ಡ್ ನೋಡಿದರು. ಸೊಪ್ಪು ನೋಡಿದರು. ನನ್ನ ಕಡೆ ನೋಡಿದರು. ನಾನು ಬೆಕ್ಕಿನ ಕಡೆ ನೋಡಿದೆ.

"ಅನ್ನಕ್ಕೆ ಹಾಕಿಲ್ಲ ತಾನೆ?"

"ಅನ್ನಕ್ಕೆ ಇಲ್ಲ ಸಾರ್."

"ಹಾಗಾದರೆ ಅನ್ನ ಕೊಡಿ," ಎಂದು ಕುರ್ಚಿ ಎಳೆದುಕೊಂಡು ಅವರ ಮೇಜಿಗೇ ಹೋಗಿ ಕೂತರು. "ಮೇಲೆ ಒಂಚೂರು ಆ ರಸ ಬಿದ್ದರೆ ನಡೆಯುತ್ತೆ."